ತೆಂಗಿನ ನುಸಿಯ ದಾಯಾದಿ ಮಣ್ಣಿನಡಿ ಇದೆ, ನೋಡುವವರಿಲ್ಲ

ತಿಪಟೂರು ಕಡೆ ‘ನುಸಿ’ ಅಂದರೆ ಯಾರೂ ಯಾವ ನುಸಿ ಅಂತ ಕೇಳುವುದಿಲ್ಲ. ಅಕ್ಕಿ ಡಬ್ಬಕ್ಕೆ ಬೀಳುವುದೂ ನುಸಿಯೇ, ಸಂಜೆ ಹೊತ್ತು ಗಾಡಿ ಓಡಿಸುವಾಗ ಕಣ್ಣಿಗೆ ಬಂದು ಬೀಳುವುದೂ ನುಸಿಯೇ. ಆದರೆ ಕಳೆದ ಇಪ್ಪತ್ತೈದು ವರ್ಷದಿಂದ ಆ ಪದ ತೆಂಗಿನಕಾಯಿಗೆ ಅಂಟಿಕೊಂಡುಬಿಟ್ಟಿದೆ. ಎಳೆಗಾಯಿಯ ತೊಟ್ಟಿನ ಕೆಳಗೆ ಬಿಳಿ ತ್ರಿಕೋನದ ಮಚ್ಚೆ. ಆಮೇಲೆ ಅದು ಕಂದಾಗಿ, ಬಿರುಕು ಬಿಟ್ಟು, ಕಾಯಿ ಸೊಟ್ಟಗಾಗಿ, ಕೊನೆಗೆ ಕೈಗೆ ಸಿಗುವುದು ಮುಷ್ಟಿ ಗಾತ್ರದ್ದು. ಸುಲಿಯುವವರು ಅಂಥ ಕಾಯಿ ಕಂಡರೆ ಮೊದಲು ಬೈಯುತ್ತಾರೆ. ಸಿಪ್ಪೆ ಕಾಯಿಗೆ ಕಚ್ಚಿಕೊಂಡಿರುತ್ತದೆ, ಬಿಟ್ಟುಕೊಡುವುದಿಲ್ಲ.

ಇಲ್ಲಿ ನಾನು ಹೇಳಹೊರಟಿರುವುದು ಆ ನುಸಿಯ ಕತೆ ಮಾತ್ರ ಅಲ್ಲ, ಅದರ ದಾಯಾದಿಯ ಕತೆ. ಆ ದಾಯಾದಿ ಮಣ್ಣಿನೊಳಗೆ ಇರುತ್ತದೆ, ಬೆಳೆಗೆ ಏನೂ ಮಾಡುವುದಿಲ್ಲ. ಏನೂ ಮಾಡದೇ ಇರುವುದರಿಂದಲೇ ಅದನ್ನು ಯಾರೂ ನೋಡಿಲ್ಲ ಅನ್ನುವುದು ನನ್ನ ತಕರಾರು.

ಮೊದಲು ತೆಂಗಿನ ನುಸಿಯನ್ನು ಮುಗಿಸಿಬಿಡೋಣ. ಅದರ ವೈಜ್ಞಾನಿಕ ಹೆಸರು ಅಸೇರಿಯಾ ಗೆರೆರೋನಿಸ್. ಮೆಕ್ಸಿಕೋ ದೇಶದ ಗೆರೆರೋ ಅನ್ನುವ ರಾಜ್ಯದಲ್ಲಿ ಸಿಕ್ಕಿತು ಅಂತ ಆ ಹೆಸರು, 1965ರಲ್ಲಿ ಇಟ್ಟದ್ದು. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಗಾಳಿಯಲ್ಲಿ ತೇಲಿಕೊಂಡು, ಕಾಯಿ ಲಾರಿಗಳ ಮೇಲೆ ಕುಳಿತುಕೊಂಡು, ಹೆಚ್ಚು ಕಾಲ ಆಗುವ ಮೊದಲೇ ನಮ್ಮ ಕಡೆಗೂ ಬಂತು. ಉದ್ದ ಕಾಲು ಮಿಲಿಮೀಟರಿನಷ್ಟು. ಅಗಲ ಅದರ ಐದರಲ್ಲೊಂದು ಪಾಲು ಮಾತ್ರ. ಬರಿಗಣ್ಣಿಗೆ ಕಾಣುವುದಿಲ್ಲ. ಹತ್ತು ದಿನದ ಆಸುಪಾಸಿನಲ್ಲಿ ಮೊಟ್ಟೆಯಿಂದ ದೊಡ್ಡದಾಗುತ್ತದೆ, ಹಾಗಾಗಿ ಒಂದು ಕಾಯಿಯ ತೊಟ್ಟಿನಡಿ ಸಾವಿರಾರು ಇರಬಹುದು.

ಇದರ ಬಲ ವಿಷದಲ್ಲಿಲ್ಲ, ಆಕಾರದಲ್ಲಿದೆ. ನುಸಿ ಅಂದರೆ ಜೇಡನ ಕಡೆಯ ಪ್ರಾಣಿ, ಎಂಟು ಕಾಲು ಇರಬೇಕು. ಇದಕ್ಕೆ ನಾಲ್ಕೇ ಕಾಲು, ಅವೂ ತಲೆಯ ಹತ್ತಿರ. ಹಿಂದೆ ಉದ್ದಕ್ಕೆ ಹುಳುವಿನ ಹಾಗೆ ಮೈ, ಮೈ ತುಂಬ ಉಂಗುರ ಉಂಗುರದ ಗೆರೆ. ಕಾಯಿಗೂ ತೊಟ್ಟಿನ ಎಸಳಿಗೂ ನಡುವೆ ಇರುವ ಸಂದಿ ಎಷ್ಟು ಸಣ್ಣದು ಅಂತ ಒಮ್ಮೆ ಎಳೆಗಾಯಿ ಕಿತ್ತು ನೋಡಿ, ಬ್ಲೇಡು ಕೂಡ ಸರಿಯಾಗಿ ಹೋಗುವುದಿಲ್ಲ. ಈ ಹುಳುವಿನಾಕಾರದ ನುಸಿ ಹೋಗುತ್ತದೆ. ಒಳಗೆ ಹೋದ ಮೇಲೆ ಮೇಲಿಂದ ಏನು ಸಿಂಪಡಿಸಿದರೂ ಎಸಳಿನ ಮೇಲೇ ಒಣಗುತ್ತದೆ. ನಮ್ಮವರು ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಬೆರೆಸಿ ಹೊಡೆದರು, ಬೇರಿಗೆ ಔಷಧದ ಪ್ಯಾಕೆಟ್ ಕಟ್ಟಿದರು, ಗಂಧಕ ಹೊಡೆದರು. ಸ್ವಲ್ಪ ಕಡಿಮೆ ಆಗುತ್ತದೆ, ಮತ್ತೆ ಬರುತ್ತದೆ. ಅದನ್ನು ತಿನ್ನುವ ಇನ್ನೊಂದು ನುಸಿಯೂ ಇದೆ, ನಿಯೋಸೀಯುಲಸ್ ಬರಾಕಿ ಅಂತ. ತಿನ್ನುವ ನುಸಿಗಳಲ್ಲಿ ಅದೇ ಯಾಕೆ ಮುಖ್ಯ ಅಂದರೆ ಅದರ ಮೈ ಚಪ್ಪಟೆ ಮತ್ತು ಉದ್ದ, ಸಂದಿಯೊಳಗೆ ತೂರುತ್ತದೆ. ಉಳಿದ ಗುಂಡುಗುಂಡಗಿನವು ಹೊರಗೇ ಕಾಯಬೇಕು. ಇಡೀ ಜಗಳ ಒಂದು ಸಂದಿಯಲ್ಲಿ ಯಾರು ತೂರುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ಹಾಗಾದರೆ ಈ ಆಕಾರ ಎಲ್ಲಿಂದ ಬಂತು?

ಬಹಳ ಕಾಲ ವಿಜ್ಞಾನಿಗಳ ಹತ್ತಿರ ಇದಕ್ಕೆ ಗಟ್ಟಿ ಉತ್ತರ ಇರಲಿಲ್ಲ. ನಾಲ್ಕು ಕಾಲಿನ ಈ ಗುಂಪಿಗೆ ಎರಿಯೋಫಿಯಾಯಿಡಿಯಾ ಅಂತ ಹೆಸರು. ಹೆಸರಿಟ್ಟ ಜಾತಿಗಳೇ ನಾಲ್ಕು ಸಾವಿರಕ್ಕಿಂತ ಜಾಸ್ತಿ ಇವೆ, ಎಲ್ಲವೂ ಗಿಡ ತಿನ್ನುವವು. ಗಿಡದ ರಸ ಹೀರುವ ಕೆಂಪು ಜೇಡ ನುಸಿ ಇದೆಯಲ್ಲ, ಟೊಮೆಟೊ, ಬದನೆ ಎಲೆಯಡಿ ಬಲೆ ಕಟ್ಟುವುದು, ಅದು ಸೇರುವ ದೊಡ್ಡ ಗುಂಪಿನಲ್ಲೇ ಇವನ್ನೂ ಕೂರಿಸಿದ್ದರು. ಆದರೆ ಎಲ್ಲಿ ಕೂರಿಸಿದರೂ ಸರಿಯಾಗಿ ಹೊಂದುತ್ತಿರಲಿಲ್ಲ. 2012ರಲ್ಲಿ ಇಟಲಿಯ ಈಶಾನ್ಯದ ಬೆಟ್ಟಗಳಲ್ಲಿ ಸಿಕ್ಕಿದ ಮರದ ಅಂಟಿನ ಹನಿಗಳೊಳಗೆ 23 ಕೋಟಿ ವರ್ಷ ಹಳೆಯ ನುಸಿಗಳು ಕಂಡವು. ಆಗಲೇ ಅವು ಇದೇ ಹುಳುವಿನ ಆಕಾರದಲ್ಲಿದ್ದವು. ತೆಂಗು ಬಿಡಿ, ಹೂ ಬಿಡುವ ಗಿಡಗಳೇ ಲೋಕದಲ್ಲಿ ಹರಡುವ ಮೊದಲಿನ ಕತೆ ಅದು. ಅಂದರೆ ತೆಂಗಿನ ಸಂದಿಗೆ ಅಂತ ಈ ಮೈ ತಯಾರಾದದ್ದಲ್ಲ. ಮೈ ಮೊದಲೇ ಇತ್ತು, ಸಂದಿ ಆಮೇಲೆ ಸಿಕ್ಕಿತು.

ಇಲ್ಲಿಗೆ ದಾಯಾದಿ ಬರುತ್ತದೆ. ನೆಮಟಾಲಿಸಿಡೆ ಅಂತ ಒಂದು ನುಸಿ ಕುಟುಂಬ. 1954ರಲ್ಲಿ ಸ್ಟ್ರೆಂಜ್ಕೆ ಅನ್ನುವ ಜರ್ಮನ್ ವಿಜ್ಞಾನಿ ಅಲ್ಜೀರಿಯಾದ ಕರಾವಳಿಯ ಅಂತರ್ಜಲದಲ್ಲಿ ಸಿಕ್ಕಿದ್ದೊಂದನ್ನು ನೋಡಿ ನೆಮಟಾಲೈಕಸ್ ನೆಮಟಾಯ್ಡಿಸ್ ಅಂತ ಕರೆದರು. ದಾಳಿಂಬೆ, ಟೊಮೆಟೊ ಬೆಳೆಯುವವರಿಗೆ ‘ನೆಮಟೋಡ್’ ಗೊತ್ತಲ್ಲ, ಬೇರಿಗೆ ಗಂಟು ಕಟ್ಟುವ ಜಂತುಹುಳು, ಅದರ ಹಾಗೆ ಕಾಣುತ್ತದೆ ಅಂತ ಆ ಹೆಸರು. ಸುಮ್ನೆ ನೋಡಿದರೆ ನುಸಿ ಅಂತ ಹೇಳುವ ಹಾಗೇ ಇಲ್ಲ. ದಾರದ ತುಂಡಿನ ಹಾಗೆ ಮೈ, ಮುಂದೆ ಪುಟ್ಟಪುಟ್ಟ ಕಾಲು. ಇದಕ್ಕೆ ಕಾಲು ಎಂಟೂ ಇವೆ, ಆದರೆ ಆ ಉದ್ದಕ್ಕೆ ಅವು ಏನೂ ಸಾಲುವುದಿಲ್ಲ. ಮೈ ಮೆತ್ತಗೆ, ಬಣ್ಣವಿಲ್ಲ, ಎರೆಹುಳದ ಹಾಗೆ ಹಿಗ್ಗಿ ಕುಗ್ಗಿ ಮುಂದೆ ಹೋಗುತ್ತದೆ. ಮರಳಿನ ಕಾಳು ಕಾಳಿನ ನಡುವೆ, ಆಳದ ಮಣ್ಣಿನ ಸಣ್ಣ ರಂಧ್ರಗಳಲ್ಲಿ ಇದರ ಬದುಕು. ಆಗಿನಿಂದ ಈಗಿನವರೆಗೆ ಇಡೀ ಲೋಕದಲ್ಲಿ ಹೆಸರಿಟ್ಟ ಜಾತಿಗಳು ಬೆರಳೆಣಿಕೆಯಷ್ಟು.

2014ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸ್ಯಾಮುಯೆಲ್ ಬೋಲ್ಟನ್ ಮತ್ತು ಜೊತೆಗಾರರು ಇನ್ನೊಂದನ್ನು ಹೆಸರಿಸಿದರು. ಆಸ್ಪೆರಾಲೈಕಸ್ ಟೆನರ್‌ಫೇಗಸ್. ಬಾಯಿ, ಚೀಲ, ಮೃದುವಾಗಿ ತಿನ್ನುವುದು, ಇಷ್ಟೂ ಆ ಹೆಸರಿನಲ್ಲಿ ಸೇರಿವೆ. ಉದ್ದ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಬಾಯಿಯ ಹತ್ತಿರ ಚೀಲದಂಥ ಭಾಗ ಇದೆ, ಸೂಕ್ಷ್ಮಜೀವಿಗಳನ್ನು ಹಿಡಿದು ಒಡೆದು ಒಳಗಿನ ರಸ ಹೀರುತ್ತದೆ. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು ಸಿಕ್ಕ ಜಾಗ. ಅಮೆಜಾನ್ ಕಾಡೂ ಅಲ್ಲ, ಹಿಮಾಲಯವೂ ಅಲ್ಲ. ಅವರು ಕೆಲಸ ಮಾಡುವ ಕಟ್ಟಡದ ಎದುರು, ರಸ್ತೆಯ ಆಚೆ ಬದಿಯ ಮಣ್ಣಿನಲ್ಲಿ, ಇಪ್ಪತ್ತು ಅಂಗುಲ ಕೆಳಗೆ. ನುಸಿ ಅಧ್ಯಯನಕ್ಕೆ ಲೋಕದಲ್ಲೇ ಹೆಸರಾದ ಜಾಗಗಳಲ್ಲಿ ಒಂದು ಅದು. ಅಲ್ಲಿಯ ಜನ ದಿನಾ ದಾಟುತ್ತಿದ್ದ ರಸ್ತೆಯ ಪಕ್ಕದಲ್ಲಿ ಹೆಸರೇ ಇಲ್ಲದ ನುಸಿ ಇತ್ತು.

ಆಮೇಲೆ 2017ರಲ್ಲಿ ಬೋಲ್ಟನ್, ಚೆಟ್ವೆರಿಕೋವ್, ಕ್ಲೊಂಪೆನ್ ಮೂವರೂ ಸೇರಿ ಮೈಕಟ್ಟನ್ನು, ಅದರಲ್ಲೂ ಬಾಯಿಯ ಭಾಗಗಳನ್ನು ಹೋಲಿಸಿ, ಗಿಡದ ಮೇಲಿನ ನಾಲ್ಕು ಕಾಲಿನ ನುಸಿಗಳಿಗೆ ಹತ್ತಿರದ ನೆಂಟರು ಮಣ್ಣಿನೊಳಗಿನ ಈ ನೆಮಟಾಲಿಸಿಡೆಗಳು ಅಂದರು. ಮುಂದಿನ ವರ್ಷ ಜೀನ್‌ಗಳನ್ನು ಹೋಲಿಸಿದ ದೊಡ್ಡ ಅಧ್ಯಯನವೂ ಅದೇ ದಿಕ್ಕನ್ನು ತೋರಿಸಿತು. ಎರಿಯೋಫಿಯಾಯಿಡಿಯಾಗಳ ಜೀನ್‌ಗಳು ವಿಪರೀತ ವೇಗದಲ್ಲಿ ಬದಲಾಗಿರುವುದರಿಂದ ವಂಶವೃಕ್ಷದಲ್ಲಿ ಅವನ್ನು ಒಂದೆಡೆ ಕೂರಿಸುವುದು ಕಷ್ಟ, ಹಾಗಾಗಿ ತಜ್ಞರ ನಡುವೆ ಮಾತು ಪೂರ್ತಿ ಮುಗಿದಿಲ್ಲ. ಆದರೂ ಲೆಕ್ಕ ಒಪ್ಪುವ ಹಾಗಿದೆ. ಮಣ್ಣಿನ ಕಾಳುಗಳ ಸಂದಿಯಲ್ಲಿ ತೂರಲು ಬೇಕಾದ ಮೈ, ಮೊಗ್ಗಿನ ಸಂದಿಯಲ್ಲಿ, ಕಾಯಿಯ ತೊಟ್ಟಿನಡಿ ತೂರಲೂ ಸಾಕು. ನಮ್ಮ ಮನೆಗಳಲ್ಲಿ ಆಗುವ ಹಾಗೇ ಆಗಿದೆ. ಒಬ್ಬರು ಊರು ಬಿಟ್ಟು ಹೋಗಿ ಬೆಳೆದರು, ನಾಲ್ಕು ಸಾವಿರ ಮನೆ ಮಾಡಿದರು. ಇನ್ನೊಬ್ಬರು ಮಣ್ಣಿನಲ್ಲೇ ಉಳಿದರು. ಹೋದವರ ವಿಷಯ ಎಲ್ಲರಿಗೂ ಗೊತ್ತು. ಉಳಿದವರನ್ನು ಕೇಳುವವರಿಲ್ಲ.

ಇದನ್ನು ನಮ್ಮ ಚಿಕ್ಕಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ಆ ಕೆಳಗಿಂದು ಕಾಯಿಗೆ ಬೀಳ್ತದೇನಪ್ಪ?”

“ಇಲ್ಲ ಚಿಕ್ಕಪ್ಪ, ಅದರ ಪಾಡಿಗೆ ಅದಿರುತ್ತೆ.”

“ಹಂಗಾದ್ರೆ ಬಿಡತ್ಲಾಗೆ.”

ಚಿಕ್ಕಪ್ಪನನ್ನು ದೂರಿ ಉಪಯೋಗವಿಲ್ಲ. ನಮ್ಮ ಇಡೀ ಕೃಷಿ ವ್ಯವಸ್ಥೆ ಕೇಳುವುದು ಇದೇ ಪ್ರಶ್ನೆಯನ್ನು, ಸ್ವಲ್ಪ ದೊಡ್ಡ ಭಾಷೆಯಲ್ಲಿ ಕೇಳುತ್ತದೆ ಅಷ್ಟೇ. ಬೀಳುತ್ತದೆ ಅಂದರೆ ಯೋಜನೆ, ಬೀಳುವುದಿಲ್ಲ ಅಂದರೆ ಬಿಡತ್ಲಾಗೆ.

ಹಾಗಂತ ಕರ್ನಾಟಕಕ್ಕೆ ನುಸಿ ಗೊತ್ತಿಲ್ಲ ಅಂದುಕೊಳ್ಳಬೇಡಿ. ಈ ವಿಷಯದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. ಕೃಷಿ ವಿಶ್ವವಿದ್ಯಾಲಯದ ಜಿ.ಪಿ. ಚನ್ನಬಸವಣ್ಣನವರು ಭಾರತದ ಎರಿಯೋಫಿಯಿಡ್ ನುಸಿಗಳ ಬಗ್ಗೆ 1966ರಲ್ಲೇ ಪುಸ್ತಕ ಬರೆದರು, ತೆಂಗಿನ ನುಸಿ ನಮ್ಮ ದೇಶದಲ್ಲಿ ಕಾಣುವುದಕ್ಕೆ ಮೂರು ದಶಕ ಮೊದಲು. 1986ರಲ್ಲಿ ನುಸಿ ವಿಜ್ಞಾನಿಗಳ ಏಳನೇ ಜಾಗತಿಕ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಕೃಷಿಯ ನುಸಿಗಳ ಅಖಿಲ ಭಾರತ ಜಾಲ ಯೋಜನೆ ನಡೆಯುವುದು ಅದೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದ. ತೆಂಗಿನ ನುಸಿಗೆ ರೋಗ ತರುವ ಹಿರ್ಸುಟೆಲ್ಲಾ ಅನ್ನುವ ಶಿಲೀಂಧ್ರವನ್ನು ಬಳಸಿ ಜೈವಿಕ ಔಷಧ ತಯಾರಿಸಿದ್ದೂ ಬೆಂಗಳೂರಿನ ಕೇಂದ್ರ ಸಂಸ್ಥೆಯೊಂದರಲ್ಲಿ. ತುಮಕೂರಿನಿಂದ ಎರಡು ಗಂಟೆ ದಾರಿ. ಆದರೆ ಯೋಜನೆಯ ಹೆಸರಿನಲ್ಲೇ ‘ಕೃಷಿ’ ಇದೆ ನೋಡಿ. ಅದರ ಕೆಲಸ ಬೆಳೆಗೆ ಬೀಳುವ ನುಸಿ ಮತ್ತು ಅದನ್ನು ತಿನ್ನುವ ನುಸಿ. ಮಣ್ಣಿನ ನುಸಿಗಳ ಮೇಲೆ ಕೆಲಸ ಮಾಡಿದವರೂ ನಮ್ಮ ದೇಶದಲ್ಲಿದ್ದಾರೆ, ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಮಾಡಿದ್ದಾರೆ. ಅದು ಹೆಚ್ಚಾಗಿ ಎಲೆಕೊಳೆಯಲ್ಲಿರುವ ಗಟ್ಟಿ ಚಿಪ್ಪಿನ ನುಸಿಗಳ ಮೇಲೆ. ಆಳದ ಮೆತ್ತನೆಯ ಹುಳುವಿನಾಕಾರದವು ಅಲ್ಲಿಗೂ ಎಟುಕುವುದಿಲ್ಲ. ಅದಕ್ಕೆ ಕಾರಣ ಹಿಡಿಯುವ ವಿಧಾನದಲ್ಲಿದೆ, ಆ ವಿಷಯಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಒಂದು ಚೀಟಿಯ ಬಗ್ಗೆ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿ ಶುರು ಮಾಡಿತು. ನಮ್ಮ ಮನೆಯಲ್ಲೂ ಒಂದು ಇದೆ, ಬೀರುವಿನಲ್ಲಿ ಪಹಣಿ ಜೊತೆ. ಅದರಲ್ಲಿ ಹನ್ನೆರಡು ಸಾಲು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಆಮೇಲೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಹೆಸರು ‘ಆರೋಗ್ಯ’, ಒಳಗಿರುವುದು ಉಪ್ಪಿನ ಲೆಕ್ಕ. ಒಬ್ಬ ಮನುಷ್ಯನ ರಕ್ತದಲ್ಲಿ ಸೋಡಿಯಂ, ಕಬ್ಬಿಣ ನೋಡಿ, ನಾಡಿಯನ್ನೇ ಹಿಡಿಯದೆ ಕಳಿಸಿದ ಹಾಗೆ. ಹನ್ನೆರಡರಲ್ಲಿ ಜೀವದ ಸುಳಿವು ಇರುವುದು ಕೊನೆಯದರಲ್ಲಿ ಮಾತ್ರ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’ ಅಂತ ಬರೆಯುತ್ತಾರೆ. ನಮ್ಮ ಚೀಟಿಯಲ್ಲೂ ಹಾಗೇ ಬರೆದಿದೆ. ಅದೂ ಜೀವಿಗಳ ಮನೆಯಲ್ಲಿ ಎಷ್ಟು ಅಕ್ಕಿ ಇದೆ ಅಂತ ಹೇಳುತ್ತದೆಯೇ ಹೊರತು ಮನೆಯಲ್ಲಿ ಯಾರಿದ್ದಾರೆ ಅಂತ ಹೇಳುವುದಿಲ್ಲ.

ಇನ್ನೊಂದು, ಆಳ. ಹೊಲದ ಮಾದರಿ ತೆಗೆಯುವಾಗ ‘ವಿ’ ಆಕಾರದಲ್ಲಿ ಗುಂಡಿ ತೋಡಿ 15 ಸೆಂಟಿಮೀಟರ್‌ವರೆಗೆ ಕೆರೆದುಕೊಳ್ಳುತ್ತಾರೆ. ರಾಗಿ, ಶೇಂಗಾಕ್ಕೆ ಅದು ಸರಿ. ತೋಟದ ಬೆಳೆಗೆ ಇನ್ನೂ ಕೆಳಗಿಂದ ತೆಗೆಯಬೇಕು ಅಂತ ನಿಯಮ ಇದೆ, ಆದರೆ ನಮ್ಮ ತೋಟಕ್ಕೆ ಬಂದ ಹುಡುಗ ಗುದ್ದಲಿ ಎರಡು ಏಟು ಹಾಕಿ ಮೇಲಿನ ಮಣ್ಣನ್ನೇ ಕವರಿಗೆ ತುಂಬಿಕೊಂಡು ಹೋದ. ಅವನ ತಪ್ಪಲ್ಲ, ಅವನಿಗೆ ಆ ದಿನ ಇನ್ನೂ ಇಪ್ಪತ್ತು ಹೊಲ ಬಾಕಿ ಇತ್ತಂತೆ. ಓಹಾಯೋದ ನುಸಿ ಸಿಕ್ಕಿದ್ದು ಇದರ ಮೂರು ಪಟ್ಟು ಆಳದಲ್ಲಿ. ನಮ್ಮ ಜಿಲ್ಲೆಯಲ್ಲಿ ನೀರಿಗಾಗಿ ಸಾವಿರ ಅಡಿ ಕೊರೆಯುತ್ತೇವೆ. ಬೋರ್‌ವೆಲ್ ಲಾರಿ ಬಂದರೆ ಊರೇ ನಿಂತು ನೋಡುತ್ತದೆ, ಯಾವ ಅಡಿಗೆ ಯಾವ ಬಣ್ಣದ ಪುಡಿ ಬಂತು ಅಂತ ಮಕ್ಕಳೂ ಹೇಳುತ್ತಾರೆ. ಮೇಲಿನ ಎರಡು ಅಡಿಯಲ್ಲಿ ಏನಿದೆ ಅಂದರೆ ‘ಮಣ್ಣು’ ಅನ್ನುತ್ತೇವೆ.

ಇದು ಸರ್ಕಾರದ ಕಡೆಯ ಮಾತಾಯಿತು. ಇನ್ನೊಂದು ಕಡೆಯವರೂ ಏನೂ ಕಡಿಮೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಸಹಜ ಕೃಷಿ ಮಾಡುವವರು ಬಹಳ ಜನ. ನಾನೂ ಅವರ ತೋಟಗಳಿಗೆ ಹೋಗಿದ್ದೇನೆ, ತಂಪಾಗಿರುತ್ತದೆ, ಇಷ್ಟವೂ ಆಗುತ್ತದೆ. ಅಲ್ಲಿ ಎಲ್ಲರೂ ಹೇಳುವ ಮಾತು, ‘ಒಂದು ಹಿಡಿ ಮಣ್ಣಲ್ಲಿ ಕೋಟಿ ಜೀವ’. ಸರಿ. ಯಾವ ಜೀವ? ಎಷ್ಟು ಬಗೆ? ಜೀವಾಮೃತ ಹಾಕುವ ಮೊದಲು ಎಷ್ಟಿತ್ತು, ಹಾಕಿದ ಮೇಲೆ ಎಷ್ಟಾಯಿತು? ಎಣಿಸಿದವರನ್ನು ನಾನು ನೋಡಿಲ್ಲ. ಎರೆಹುಳ ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ, ಅಲ್ಲಿಗೆ ಮುಗಿಯಿತು. ಎರೆಹುಳ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಅದು ರೈತಮಿತ್ರ. ಅದರ ನೂರನೇ ಒಂದು ಪಾಲು ಇರುವವು ಯಾರ ಮಿತ್ರನೂ ಅಲ್ಲ. ರಾಸಾಯನಿಕದವರು ಮಣ್ಣನ್ನು ಉಪ್ಪಿನ ಡಬ್ಬ ಅಂದುಕೊಂಡಿದ್ದಾರೆ, ಸಹಜದವರು ದೇವರ ಹುಂಡಿ ಅಂದುಕೊಂಡಿದ್ದಾರೆ. ಎರಡೂ ಕಡೆ ಬಿಚ್ಚಿ ಎಣಿಸುವವರು ಇಲ್ಲ.

ಕಳೆದ ವರ್ಷ ನಾನೇ ಒಂದು ಪ್ರಯತ್ನ ಮಾಡಿದೆ. ಇದಕ್ಕೆ ಹಳೆಯ ಉಪಾಯವೊಂದಿದೆ. ಇಟಲಿಯ ಬರ್ಲೀಸ್ ಅನ್ನುವವರು 1905ರಲ್ಲಿ ಹೇಳಿದ್ದು, ಸ್ವೀಡನ್ನಿನ ಟುಲ್‌ಗ್ರೆನ್ ಆಮೇಲೆ ಅದಕ್ಕೆ ಬಲ್ಬು ಸೇರಿಸಿದ್ದು. ಆಲಿಕೆಯೊಳಗೆ ಜಾಲರಿ ಇಟ್ಟು, ಅದರ ಮೇಲೆ ಮಣ್ಣು ಹಾಕಿ, ಮೇಲಿನಿಂದ ಬಲ್ಬು ಉರಿಸುವುದು. ಮಣ್ಣು ಮೇಲಿನಿಂದ ಒಣಗುತ್ತಾ ಬರುತ್ತದೆ. ಜೀವಿಗಳು ಬಿಸಿಗೆ ಹೆದರಿ ತಂಪು ಹುಡುಕಿ ಕೆಳಗಿಳಿದು, ಆಲಿಕೆಯ ತುದಿಯಿಂದ ಸ್ಪಿರಿಟ್ ಬಾಟಲಿಗೆ ಬೀಳುತ್ತವೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ ಆಲಿಕೆ ಮಾಡಿದೆ. ಟೀ ಸೋಸುವ ಜರಡಿ ಇಟ್ಟೆ. ಬಲ್ಬಿಗೆ ಮಾತ್ರ ಪರದಾಡಿದೆ. ಈಗ ಎಲ್ಲ ಕಡೆ ಎಲ್‌ಇಡಿ, ಅದು ಬಿಸಿಯೇ ಆಗುವುದಿಲ್ಲ. ಕೊನೆಗೆ ಕೋಳಿ ಫಾರಂ ಇಟ್ಟಿರುವ ಗೆಳೆಯ ಮರಿಗಳಿಗೆ ಕಾವು ಕೊಡುವ ನಲವತ್ತು ವ್ಯಾಟ್ ಬಲ್ಬು ಕೊಟ್ಟ.

ತೆಂಗಿನ ಪಾತಿಯಲ್ಲಿ ಸೋಗೆ ಕೊಳೆಯುತ್ತಿದ್ದ ಕಡೆಯಿಂದ ಒಂದು ಬಟ್ಟಲು ಮಣ್ಣು, ರೋಟವೇಟರ್ ಹೊಡೆದ ಸಾಲಿನಿಂದ ಒಂದು ಬಟ್ಟಲು. ಮೂರು ದಿನ ಉರಿಸಿ, ಅಕ್ಕಸಾಲಿಗರ ಹತ್ತಿರ ಇರುತ್ತದಲ್ಲ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸು, ಅದರಲ್ಲಿ ನೋಡಿದೆ. ಪಾತಿಯ ಮಣ್ಣಿನಿಂದ ಬಿದ್ದದ್ದರಲ್ಲಿ ಹೊಳೆಯುವ ಕಂದು ಗುಂಡುಗಳು, ಸಾಸಿವೆಯನ್ನು ನೂರು ಪಾಲು ಮಾಡಿದರೆ ಒಂದು ಪಾಲು ಎಷ್ಟಾಗುತ್ತದೋ ಅಷ್ಟು. ಇವು ಎಲೆಕೊಳೆ, ಬೂಷ್ಟು ತಿನ್ನುವ ಒರಿಬ್ಯಾಟಿಡ್ ನುಸಿಗಳು. ಕೆಲವು ಹಳದಿ ಮಿಶ್ರಿತ ಕಂದು, ಉದ್ದ ಕಾಲಿನವು. ಇವು ಬೇರೆ ಹುಳ ಹಿಡಿದು ತಿನ್ನುವವು. ಬಾಲದ ಸ್ಪ್ರಿಂಗಿನಿಂದ ಎಗರುವ ಬಿಳಿ ಜೀವಿಗಳೂ ಇದ್ದವು, ಅವು ನುಸಿಗಳಲ್ಲ. ರೋಟವೇಟರ್ ಸಾಲಿನ ಬಾಟಲಿಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು. ಎರಡು ಬಟ್ಟಲಿನ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ, ನನಗೆ ಗೊತ್ತು. ಆದರೆ ಕಾರಣ ಊಹಿಸಲಾಗದ್ದಲ್ಲ. ಒರಿಬ್ಯಾಟಿಡ್‌ಗಳು ನಿಧಾನಕ್ಕೆ ಬೆಳೆಯುವವು, ಕಡಿಮೆ ಮೊಟ್ಟೆ ಇಡುವವು. ತೆಂಗಿನ ನುಸಿಯ ಹತ್ತು ದಿನದ ಲೆಕ್ಕ ಇವಕ್ಕಿಲ್ಲ, ತಿಂಗಳುಗಟ್ಟಲೆ ಬೇಕು. ಒಮ್ಮೆ ಮಣ್ಣು ಪುಡಿಯಾಗಿ ಬಿಸಿಲಿಗೆ ಒಣಗಿದರೆ ಮತ್ತೆ ತುಂಬಿಕೊಳ್ಳುವುದು ಬೇಗ ಆಗುವ ಮಾತಲ್ಲ. ಇದೇ ಕಾರಣಕ್ಕೆ ಹೊರದೇಶಗಳಲ್ಲಿ ಮಣ್ಣಿನ ಸ್ಥಿತಿ ಅಳೆಯಲು ಇವನ್ನು ಎಣಿಸುತ್ತಾರೆ. ಇದೇ ಚೀಟಿಯ ಹದಿಮೂರನೇ ಸಾಲು ಆಗಬಹುದಿತ್ತು ಅನ್ನುವುದು ನನ್ನ ಅನಿಸಿಕೆ. ಖರ್ಚು ಒಂದು ಬಲ್ಬು, ಒಂದು ಬಾಟಲಿ, ನೋಡಲು ಕಲಿತ ಒಂದು ಕಣ್ಣು. ಕೊನೆಯದೇ ದುಬಾರಿ.

ಹುಳುವಿನಾಕಾರದ್ದು ಒಂದೂ ಸಿಗಲಿಲ್ಲ. ಸಿಗುವುದೂ ಇಲ್ಲ, ಯಾಕೆಂದರೆ ನಾನು ಮಣ್ಣು ತೆಗೆದದ್ದು ಮೇಲಿನಿಂದ, ಹಿಡಿದದ್ದು ಬಿಸಿಯಿಂದ. ಗಟ್ಟಿ ಚಿಪ್ಪಿನವು, ಚುರುಕಾಗಿ ಓಡುವವು ಬಿಸಿಗೆ ಕೆಳಗೆ ಇಳಿಯುತ್ತವೆ. ಮೆತ್ತನೆಯ ಮೈಯ, ನಿಧಾನದ ಜೀವಿ ಇಳಿಯುವ ಮೊದಲೇ ದಾರಿಯಲ್ಲಿ ಒಣಗಿ ಸಾಯುತ್ತದೆ. ಅಂಥವನ್ನು ಹಿಡಿಯಬೇಕಾದರೆ ಆಳದ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲಿನ ನೀರನ್ನು ಬಹಳ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಉಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ಹುಡುಕಬೇಕು. ನೂರು ವರ್ಷ ಲೋಕವೆಲ್ಲ ಬಲ್ಬು ಉರಿಸಿ ಹಿಡಿಯುತ್ತಾ ಬಂದಿದೆ. ಬಲ್ಬಿಗೆ ಬೀಳುವವೇ ಮಣ್ಣಿನ ನುಸಿಗಳು ಅಂತ ಆಗಿಬಿಟ್ಟಿದೆ. ಈ ಕುಟುಂಬ ‘ಅಪರೂಪ’ ಅನ್ನುವುದನ್ನು ನಾನು ಅದಕ್ಕೇ ಸುಲಭಕ್ಕೆ ನಂಬುವುದಿಲ್ಲ. ಅಪರೂಪವಾದದ್ದು ಹುಡುಕುವವರು ಇರಬಹುದು.

ನಮ್ಮ ಕಡೆ ಇಂಥವಕ್ಕೆ ಜಾಗವೇನೂ ಕಡಿಮೆ ಇಲ್ಲ. ಮರಳು ಬೆರೆತ ಕೆಮ್ಮಣ್ಣು ಜಿಲ್ಲೆಯ ತುಂಬ ಇದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಕಡೆ ಹೋಗುವ ಜಯಮಂಗಲಿ ನದಿಯ ಪಾತ್ರ ವರ್ಷದ ಬಹುಪಾಲು ಒಣಮರಳು. ಅಥವಾ ಇತ್ತು ಅನ್ನಬೇಕು, ಲಾರಿಗಳಲ್ಲಿ ಎಷ್ಟು ಹೋಯಿತು ಅಂತ ಆ ಕಡೆಯವರನ್ನು ಕೇಳಿ. ಮರಳು ತೆಗೆದರೆ ಅಂತರ್ಜಲ ಹೋಗುತ್ತದೆ ಅಂತ ಗಲಾಟೆ ಆಗುತ್ತದೆ, ಆಗಲೇಬೇಕು. ಮರಳಿನ ಕಾಳುಗಳ ನಡುವೆಯೂ ಒಂದು ಊರು ಇರುತ್ತದೆ ಅನ್ನುವ ಮಾತು ಆ ಗಲಾಟೆಯಲ್ಲಿ ಬರುವುದೇ ಇಲ್ಲ.

‘ಇದೆಲ್ಲ ತಿಳಿದು ತೆಂಗಿಗೆ ಏನು ಬಂತು’ ಅಂತ ಕೇಳಬಹುದು. ಕೇಳಬೇಕಾದದ್ದೇ. 2025ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ದರ 20 ಸಾವಿರ ದಾಟಿ ಮೇಲೆ ಹೋಯಿತು. ದರ ಏರಿದ್ದಕ್ಕೆ ಖುಷಿ ಪಟ್ಟವರಿಗಿಂತ ಅಟ್ಟದಲ್ಲಿ ಕಾಯಿಯೇ ಇಲ್ಲ ಅಂದವರು ಜಾಸ್ತಿ. ಬರ, ಬಿಳಿ ನೊಣ, ಕಪ್ಪುತಲೆ ಹುಳು, ಕಾಂಡ ಸೋರುವುದು, ಅಣಬೆ ರೋಗ, ಇವುಗಳ ಮೇಲೆ ನುಸಿ. ಯಾವುದರಿಂದ ಎಷ್ಟು ಹೋಯಿತು ಅಂತ ಬಿಡಿಸಿ ಹೇಳುವುದು ಕಷ್ಟ. ಆದರೆ ಒಂದು ಗಮನಿಸಿ. ನುಸಿಗೆ ಕೊಡುವ ಶಿಫಾರಸಿನಲ್ಲಿ ಸಿಂಪಡಣೆ ಅರ್ಧ ಭಾಗ ಮಾತ್ರ. ಉಳಿದರ್ಧ ಏನು? ಮರಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ, 5 ಕಿಲೋ ಬೇವಿನ ಹಿಂಡಿ, ಪಾತಿಯಲ್ಲಿ ಹಸಿರೆಲೆ ಗೊಬ್ಬರ, ಸೋಗೆ ಮುಚ್ಚಿಗೆ. ತೊಂದರೆ ಅರವತ್ತು ಅಡಿ ಮೇಲೆ, ಔಷಧ ಬುಡದಲ್ಲಿ. ಮರ ಗಟ್ಟಿಯಾದರೆ ಕಾಯಿ ತಡೆದುಕೊಳ್ಳುತ್ತದೆ ಅನ್ನುವುದು ಅದರ ತರ್ಕ. ಆ ಗೊಬ್ಬರ, ಆ ಹಿಂಡಿ, ಆ ಸೋಗೆಯನ್ನು ಮರಕ್ಕೆ ದಕ್ಕುವ ಹಾಗೆ ಮಾಡುವುದು ಯಾರು? ಬ್ಯಾಕ್ಟೀರಿಯಾ, ಶಿಲೀಂಧ್ರ, ಅವನ್ನು ಮೇಯುತ್ತಾ ಹದದಲ್ಲಿಡುವ ನುಸಿಗಳು. ಗೊಬ್ಬರಕ್ಕೆ ಲೆಕ್ಕ ಇದೆ, ಕೆಲಸಗಾರರ ಹಾಜರಿ ಪುಸ್ತಕ ಇಲ್ಲ.

ಇನ್ನೂ ನೇರವಾದ ಉಪಯೋಗಕ್ಕೂ ಉದಾಹರಣೆ ಇದೆ. ಯುರೋಪಿನಲ್ಲಿ ಸ್ಟ್ರಾಟಿಯೊಲೀಲಾಪ್ಸ್ ಅನ್ನುವ ಮಣ್ಣಿನ ನುಸಿಯನ್ನು ಡಬ್ಬದಲ್ಲಿ ಹಾಕಿ ಮಾರುತ್ತಾರೆ. ಹಸಿರುಮನೆಯ ಮಣ್ಣಿಗೆ ಉದುರಿಸಿದರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟದ ಕೋಶಗಳನ್ನು, ಸಣ್ಣ ನೊಣಗಳ ಮರಿಗಳನ್ನು ಹುಡುಕಿ ತಿನ್ನುತ್ತದೆ. ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಗುಲಾಬಿ, ದಪ್ಪ ಮೆಣಸಿನಕಾಯಿಯ ಪಾಲಿಹೌಸಿನವರಿಗೆ ಥ್ರಿಪ್ಸ್ ಅಂದರೆ ಏನು ಅಂತ ನಾನು ಹೇಳಬೇಕಿಲ್ಲ. ಎಲೆಗೆ ಎಷ್ಟು ಹೊಡೆದರೂ ಬಹುಪಾಲು ಥ್ರಿಪ್ಸ್ ಕೋಶದ ಹಂತಕ್ಕೆ ಮಣ್ಣಿಗೆ ಇಳಿಯುತ್ತವೆ, ಅಲ್ಲಿ ಔಷಧ ತಲುಪುವುದಿಲ್ಲ. ಆ ನುಸಿಯ ಮೇಲೆ ಯಾರೋ ಒಬ್ಬರು, ಮಾರುವ ಯೋಚನೆ ಇಲ್ಲದೇ, ಮೊದಲು ಕೂತು ಹೆಸರಿಟ್ಟು ಚಿತ್ರ ಬರೆದಿರಬೇಕು, ಅಲ್ವಾ? ಡಬ್ಬ ಬಂದದ್ದು ಬಹಳ ಆಮೇಲೆ.

ನೆಮಟಾಲಿಸಿಡೆಯಿಂದ ನಾಳೆ ಡಬ್ಬ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಬಹುಶಃ ಯಾವತ್ತೂ ಬರುವುದಿಲ್ಲ. ಆದರೆ ತೆಂಗಿನ ನುಸಿ ಹೇಗೆ ತೂರುತ್ತದೆ, ಅದರ ಬಾಯಿ ಹೀಗೇ ಯಾಕೆ ಇದೆ, ನಾಲ್ಕು ಕಾಲು ಕಳೆದುಕೊಂಡು ಹೇಗೆ ಬದುಕಿದೆ ಅನ್ನುವುದಕ್ಕೆ ಹೋಲಿಸಿ ನೋಡಲು ಬೇಕಾದ ಜೀವಿ ಅದೇ. ಹೋಲಿಕೆಗೆ ಮನೆಯ ಇನ್ನೊಬ್ಬ ಸದಸ್ಯ ಇಲ್ಲದೆ ಒಬ್ಬನನ್ನೇ ನೋಡಿ ಅವನ ಗುಣ ಯಾವುದು ಅಪ್ಪನದು, ಯಾವುದು ಊರಿನದು ಅಂತ ಹೇಳುವುದು ಹೇಗೆ?

ಒಂದು ಮಾತು ಮರೆತಿದ್ದೆ. ಮಣ್ಣಿನ ನುಸಿಗಳಲ್ಲಿ ಬರಿಗಣ್ಣಿಗೆ ಚೆನ್ನಾಗಿ ಕಾಣುವುದು ಒಂದಿದೆ, ನೀವೂ ನೋಡಿರುತ್ತೀರಿ. ಮೊದಲ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ನಡೆಯುವ ಕೆಂಪು ಮಖಮಲ್ಲಿನ ಗುಂಡಿಯಂಥ ಹುಳ. ಪಾವಗಡದ ಕಡೆ ತೆಲುಗು ಮಾತಾಡುವವರು ಆರುದ್ರ ಪುರುಗು ಅನ್ನುತ್ತಾರೆ, ಆರಿದ್ರಾ ಮಳೆಗೆ ಬರುವುದರಿಂದ. ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಸ್ಕೂಲಿಗೆ ಹೋಗುತ್ತಿದ್ದೆವು. ಅದೂ ಜೇಡನ ಕಡೆಯದು, ಎಂಟು ಕಾಲು. ಈಚೆಗೆ ನಮ್ಮ ಹೊಲದಲ್ಲಿ ಅದನ್ನು ಕಂಡಿಲ್ಲ. ಇದನ್ನೂ ಯಾರಾದರೂ ಎಣಿಸುತ್ತಾ ಬಂದಿದ್ದರೆ ಕಡಿಮೆಯಾಗಿದೆಯೋ ನಾನು ಬಗ್ಗಿ ನೋಡುವುದು ಕಡಿಮೆಯಾಗಿದೆಯೋ ಅಂತ ಹೇಳಬಹುದಿತ್ತು.

ಈ ವರ್ಷ ಚಿಕ್ಕಪ್ಪ ಸತ್ತ ಮರಗಳ ಜಾಗದಲ್ಲಿ ಹೊಸ ಸಸಿ ಇಡುತ್ತಿದ್ದಾರೆ. ಹದಿನಾಲ್ಕು ಗುಂಡಿ, ಒಂದೊಂದೂ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಜೆಸಿಬಿ ತೆಗೆದ ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಚೆನ್ನಾಗಿ ಕಾಣುತ್ತವೆ, ಮೇಲೆ ಕಂದು, ಆಮೇಲೆ ಕೆಂಪು, ಕೆಳಗೆ ಬಿಳಿ ಹರಳು ಬೆರೆತದ್ದು. ಇಪ್ಪತ್ತು ಅಂಗುಲದ ಗುರುತು ಹಾಕಿ ಪಕ್ಕದಿಂದ ಕೊರೆದುಕೊಳ್ಳಲು ಇದಕ್ಕಿಂತ ಸುಲಭದ ಸಮಯ ಸಿಗುವುದಿಲ್ಲ. ಸಣ್ಣ ಕಣ್ಣಿನ ಜರಡಿ ಆರ್ಡರ್ ಮಾಡಿದ್ದೇನೆ, ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ಸೂಕ್ಷ್ಮದರ್ಶಕ ಕೊಡುತ್ತೇನೆ ಅಂದಿದ್ದಾಳೆ. ಒಂದು ಗುಂಡಿಯನ್ನು ಹಾಗೇ ಬಿಡಿ ಅಂತ ಚಿಕ್ಕಪ್ಪನನ್ನು ಕೇಳಿದೆ.

“ಎರಡು ದಿನ ಬಿಡ್ತೀನಿ,” ಅಂದರು. “ಮೂರನೇ ದಿನ ಸಸಿ ಇಡ್ತೀನಿ, ಮಳೆ ಬರೋ ಹಂಗೈತೆ.”